ಕಾಲುವೆಯ ಹೆಸರು ಹೇಳಿ ಓಟು ಕೇಳಲಿ

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಮಾತಿಗೆ ಬರವಿಲ್ಲ. ಸಿಂಧನೂರಿನ ಅಕ್ಕಿ ಗಿರಣಿಯ ಗೇಟಿನಲ್ಲಿ, ರಾಯಚೂರು ಗಂಜಿನ ಹತ್ತಿ ಅಂಡಿಗೆಗಳ ನೆರಳಿನಲ್ಲಿ, ಮಸ್ಕಿಯ ಚಹಾದಂಗಡಿಯ ಬೆಂಚಿನ ಮೇಲೆ, ಎಲ್ಲಿ ಹೋದರೂ ಅದೇ ಚರ್ಚೆ. ಯಾರು ಆರಿಸಿ ಬರುತ್ತಾರೆ, ಯಾವ ಜಾತಿಯ ಓಟು ಯಾವ ಕಡೆಗೆ ವಾಲಿದೆ, ಯಾವ ಓಣಿಗೆ ಎಷ್ಟು ಹಣ ಇಳಿಯಿತು, ನಿನ್ನೆಯವರೆಗೆ ಆ ಪಕ್ಷದಲ್ಲಿದ್ದ ಪುಢಾರಿ ಇಂದು ಯಾರ ಕಾರು ಹತ್ತಿದ್ದಾನೆ ಎಂಬುದರ ಸುತ್ತಲೇ ಮಾತು ತಿರುಗುತ್ತದೆ. ಆರಿಸಿ ಬಂದವನು ಏನು ಮಾಡಬೇಕು, ಅವನ ಪಕ್ಷದ ಧೋರಣೆ ಏನು, ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳುವವರು ನೂರರಲ್ಲಿ ಐದು ಮಂದಿ ಸಿಕ್ಕರೆ ಹೆಚ್ಚು. ಮದುವೆ ಮನೆಯಲ್ಲಿ ಬಾಜಾಭಜಂತ್ರಿಯ ಗುಣಗಾನ ಮಾಡುತ್ತಾ ಕುಳಿತು, ವರ ದುಡಿಯುವವನೋ ಅಲ್ಲವೋ ಎಂದು ವಿಚಾರಿಸುವುದನ್ನೇ ಮರೆತ ಹಾಗೆ ಆಗಿದೆ ನಮ್ಮ ಸ್ಥಿತಿ.

ಇದನ್ನು ನಾವು ಮತದಾರರನ್ನು ಹೀಯಾಳಿಸಲು ಬರೆಯುತ್ತಿಲ್ಲ. ನಮ್ಮ ಮತದಾರರು ದಡ್ಡರಲ್ಲವೆಂಬುದನ್ನು ಮಸ್ಕಿ ಕ್ಷೇತ್ರ ಇಡೀ ರಾಜ್ಯಕ್ಕೆ ತೋರಿಸಿಕೊಟ್ಟಿದೆ. ಆದರೆ ಅದೇ ಮಸ್ಕಿಯ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. ಮುಂದಿನ ಚುನಾವಣೆಗೆ ಮೊದಲು ಆ ಎರಡನೆಯ ಪಾಠವನ್ನು ಓದಿಕೊಳ್ಳದಿದ್ದರೆ ಮೊದಲನೆಯದು ಅರ್ಧಕ್ಕೇ ನಿಲ್ಲುತ್ತದೆಂದು ನಮ್ಮ ಅಭಿಪ್ರಾಯ.

ಮೊದಲು ನಡೆದುದನ್ನು ನೆನಪಿಸಿಕೊಳ್ಳೋಣ. ಮಸ್ಕಿ ವಿಧಾನಸಭಾ ಕ್ಷೇತ್ರಕ್ಕೆ ಮೊದಲ ಚುನಾವಣೆ ನಡೆದದ್ದು 2008ರಲ್ಲಿ. ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ. ಆ ವರ್ಷ ಪ್ರತಾಪಗೌಡ ಪಾಟೀಲರು ಭಾರತೀಯ ಜನತಾ ಪಕ್ಷದಿಂದ ಗೆದ್ದರು. 2013ರಲ್ಲಿ ಅವರೇ ಕಾಂಗ್ರೆಸ್ಸಿನಿಂದ ಗೆದ್ದರು. 2018ರಲ್ಲಿ ಮತ್ತೆ ಕಾಂಗ್ರೆಸ್ಸಿನ ಉಮೇದುವಾರರಾಗಿ, ಭಾರತೀಯ ಜನತಾ ಪಕ್ಷದ ಬಸನಗೌಡ ತುರ್ವಿಹಾಳರನ್ನು ಕೇವಲ 213 ಓಟುಗಳಿಂದ ಸೋಲಿಸಿದರು. 2019ರ ಜುಲೈ ತಿಂಗಳಲ್ಲಿ ಸಮ್ಮಿಶ್ರ ಸರಕಾರವನ್ನು ಉರುಳಿಸಿದ ರಾಜೀನಾಮೆಗಳಲ್ಲಿ ಅವರದೂ ಒಂದು. ಸಭಾಧ್ಯಕ್ಷರು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಚುನಾವಣೆಗೆ ನಿಲ್ಲಲು ಮಾತ್ರ ಅವಕಾಶ ಕೊಟ್ಟಿತು. ಆ ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಮಸ್ಕಿಯ ಹಿಂದಿನ ಫಲಿತಾಂಶದ ಮೇಲೆ ಹೈಕೋರ್ಟಿನಲ್ಲಿ ತಕರಾರು ಇದ್ದುದರಿಂದ ಇಲ್ಲಿ ಚುನಾವಣೆ ಮುಂದೆ ಹೋಯಿತು.

ಹೀಗೆ ಮಸ್ಕಿಯ ಜನ ಸುಮಾರು 22 ತಿಂಗಳು ಶಾಸಕನಿಲ್ಲದೆ ಕಳೆದರು. ಕೊರೋನಾ ಬಂದು ಗುಳೆ ಹೋದವರು ಬೆಂಗಳೂರಿನಿಂದ ನಡೆದೇ ಊರು ಸೇರಿದ ಕಾಲವೂ ಅದರಲ್ಲೇ ಸೇರಿತ್ತು. ಕೊನೆಗೆ 2021ರ ಏಪ್ರಿಲ್ 17ರಂದು ಮತದಾನವಾಯಿತು. ಅಷ್ಟರಲ್ಲಿ ಇಬ್ಬರು ಹುರಿಯಾಳುಗಳೂ ಬಾವುಟ ಅದಲು ಬದಲು ಮಾಡಿಕೊಂಡಿದ್ದರು. ಪಾಟೀಲರು ಭಾರತೀಯ ಜನತಾ ಪಕ್ಷಕ್ಕೆ, ತುರ್ವಿಹಾಳರು ಕಾಂಗ್ರೆಸ್ಸಿಗೆ. ಆಳುವ ಪಕ್ಷ ತನ್ನ ಬಲವನ್ನೆಲ್ಲ ತಂದು ಸುರಿಯಿತು. ಕೆ.ಆರ್. ಪೇಟೆ ಮತ್ತು ಶಿರಾ ಉಪಚುನಾವಣೆಗಳನ್ನು ಗೆಲ್ಲಿಸಿದ ಬಿ.ವೈ. ವಿಜಯೇಂದ್ರರಿಗೇ ಇಲ್ಲಿನ ಉಸ್ತುವಾರಿ ವಹಿಸಲಾಗಿತ್ತು. ಮುಖ್ಯಮಂತ್ರಿ ಯಡಿಯೂರಪ್ಪನವರು ಸ್ವತಃ ಬಂದು ಪ್ರಚಾರ ಮಾಡಿದರು. ಮೇ 2ರಂದು ಪೆಟ್ಟಿಗೆ ತೆರೆದಾಗ 213ರ ಅಂತರ 30,606ಕ್ಕೆ ಏರಿತ್ತು, ಅದೂ ತಿರುಗಿ ನಿಂತು. ಜನ ಕೊಟ್ಟ ಓಟನ್ನು ಮಧ್ಯದಲ್ಲಿ ಬೇರೆಯವರ ಅಂಗಳಕ್ಕೆ ಹೊತ್ತೊಯ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಇದು ಮೊದಲನೆಯ ಪಾಠ. ಪಕ್ಷಾಂತರಿಗೆ ಪಾಠ ಕಲಿಸಿದ ಆ ಕ್ಷೇತ್ರದ ಕೂಲಿಕಾರ, ರೈತ, ಅಂಗಡಿಕಾರರನ್ನು ನಾವು ಅಂದೂ ಮೆಚ್ಚಬೇಕಿತ್ತು, ಇಂದೂ ಮೆಚ್ಚಬೇಕು.

ಎರಡನೆಯ ಪಾಠಕ್ಕೆ ಪಾಮನಕಲ್ಲೂರಿಗೆ ಹೋಗಬೇಕು. ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ಈ ನಾಡಿಗೆ ಎಡೆದೊರೆ ನಾಡೆಂದು ಹಿಂದಿನಿಂದ ಹೆಸರು. ಎರಡು ದೊಡ್ಡ ಹೊಳೆಗಳ ನಡುವೆ ಇದ್ದೂ ಕುಡಿಯುವ ನೀರಿಗೆ ಪರದಾಡುವ ಹಳ್ಳಿಗಳು ಇಲ್ಲಿ ಬೇಕಾದಷ್ಟಿವೆ. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಹರಿದು ಭತ್ತ ಬೆಳೆಯಿತು, ಅಕ್ಕಿ ಗಿರಣಿಗಳು ಎದ್ದವು. ಅತ್ತ ಕೃಷ್ಣೆಯ ನಾರಾಯಣಪುರ ಜಲಾಶಯದಿಂದ ಬಲದಂಡೆ ಕಾಲುವೆ ಲಿಂಗಸುಗೂರು, ದೇವದುರ್ಗದ ಕಡೆ ಹರಿಯಿತು. ನಡುವೆ ಉಳಿದ ಪಾಮನಕಲ್ಲೂರು ಸುತ್ತಿನ ಹೊಲಗಳು ಮಳೆಯ ಮುಖವನ್ನೇ ನೋಡಿಕೊಂಡಿವೆ. ನಾರಾಯಣಪುರ ಬಲದಂಡೆಗೆ 5ಎ ಎಂಬ ಕಾಲುವೆಯನ್ನು ತೆಗೆದು ಈ ಹಳ್ಳಿಗಳಿಗೆ ನೀರು ಹರಿಸಬೇಕೆಂಬುದು ಅಲ್ಲಿನ ರೈತರ ಬಹುಕಾಲದ ಬೇಡಿಕೆ.

2020ರ ಕೊನೆಯ ತಿಂಗಳುಗಳಲ್ಲಿ ಆ ರೈತರು ಪಾಮನಕಲ್ಲೂರಿನಲ್ಲಿ ಧರಣಿ ಕುಳಿತರು. ಸರಕಾರದ ಕಡೆಯಿಂದ ಬಂದ ಉತ್ತರವೆಂದರೆ, 5ಎ ಬೇಡ, ನಂದವಾಡಗಿ ಏತ ನೀರಾವರಿಯಲ್ಲಿ ನಿಮ್ಮ ಹೊಲಗಳಿಗೂ ನೀರು ಬರುತ್ತದೆ, ಕೊಳವೆಯಲ್ಲಿ ತಂದು ಹನಿ ಹನಿಯಾಗಿ ಕೊಡುತ್ತೇವೆ ಎಂಬುದು. ರೈತರು ಒಪ್ಪಲಿಲ್ಲ. ಹರಿಯುವ ಕಾಲುವೆ ಬೇಕೆಂದರು. ಆ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ಪಾಮನಕಲ್ಲೂರು ಸುತ್ತಿನ ಊರುಗಳ ಜನ ಅದನ್ನು ಬಹಿಷ್ಕರಿಸಿದರು. ಇದಾದ ನಾಲ್ಕು ತಿಂಗಳಿಗೆ ಮಸ್ಕಿಯ ಉಪಚುನಾವಣೆ. ಪಕ್ಷಗಳ ದೊಡ್ಡ ದೊಡ್ಡ ಮುಖಂಡರೆಲ್ಲ ಬಂದು ಹೋದ ಆ ದಿನಗಳಲ್ಲಿ 5ಎ ಎಂಬ ಎರಡಕ್ಷರ ಪ್ರಚಾರದ ತುಂಬ ಓಡಾಡಿತು.

ಈಗ ಒಂದು ಪ್ರಶ್ನೆ ಕೇಳಿಕೊಳ್ಳೋಣ. 30,606 ಓಟುಗಳ ಅಂತರ ಯಾವ ಪ್ರಶ್ನೆಗೆ ಉತ್ತರ ಕೊಟ್ಟಿತು? ನಮ್ಮ ಓಟನ್ನು ಮಾರಿಕೊಂಡವರನ್ನು ನಾವು ಒಪ್ಪುವುದಿಲ್ಲ ಎಂಬುದಕ್ಕೆ ಉತ್ತರ ಕೊಟ್ಟಿತು. ಯಾರು ಬೇಡವೆಂಬುದನ್ನು ಅದು ಖಚಿತವಾಗಿ ಹೇಳಿತು. ಆದರೆ ಯಾವ ಕಾಲುವೆ, ಎಷ್ಟು ನೀರು, ಯಾವ ಲೆಕ್ಕದ ಹಣ, ಯಾವ ವರ್ಷದೊಳಗೆ ಎಂಬುದನ್ನು ಆ ಓಟು ಹೇಳಲಿಲ್ಲ, ಹೇಳಲು ಸಾಧ್ಯವೂ ಇರಲಿಲ್ಲ. ಏಕೆಂದರೆ ಆ ಪ್ರಶ್ನೆಗಳನ್ನು ಬರೆದು ಇಬ್ಬರು ಉಮೇದುವಾರರ ಮುಂದಿಟ್ಟು ಸಹಿ ಪಡೆದ ನಂತರ ಓಟು ಹಾಕಿದ್ದಲ್ಲ. ನ್ಯಾಯ ಕೊಟ್ಟ ಸಮಾಧಾನದಲ್ಲಿ ಜನ ಮನೆಗೆ ಹೋದರು. 2023ರಲ್ಲಿಯೂ ತುರ್ವಿಹಾಳರೇ ಗೆದ್ದರು. ಅವರ ಪಕ್ಷವೇ ಬೆಂಗಳೂರಿನಲ್ಲಿ ಸರಕಾರ ರಚಿಸಿತು. ಹಿಂದೆ ಶಾಸಕ ಒಂದು ಪಕ್ಷ, ಸರಕಾರ ಇನ್ನೊಂದು ಪಕ್ಷ ಎಂಬ ನೆಪವಿತ್ತು. ಆ ನೆಪವೂ ಅಲ್ಲಿಗೆ ಮುಗಿಯಿತು. ಹಾಗಾದ ಮೇಲೆ ಕಾಲುವೆಯ ಲೆಕ್ಕವನ್ನು ಕೇಳುವ ಹಕ್ಕು ಜನರಿಗೆ ಇಮ್ಮಡಿಯಾಯಿತೆಂದೇ ಅರ್ಥ.

ಗಿರಣಿ ಕಾರ್ಮಿಕ ಬಂಧುಗಳು ಮತ್ತು ಸಣ್ಣ ವ್ಯಾಪಾರಿಗಳು, ಕಾಲುವೆ ರೈತರ ಮಾತಲ್ಲವೇ, ನಮಗೇನು ಸಂಬಂಧ ಎನ್ನಬಹುದು. ಸಂಬಂಧ ನೇರವಾಗಿದೆ. ಭತ್ತ ಬಂದರೆ ಗಿರಣಿ ತಿರುಗುತ್ತದೆ, ಹತ್ತಿ ಬಂದರೆ ಜಿನ್ನಿಂಗ್ ನಡೆಯುತ್ತದೆ, ಹಮಾಲರ ಬೆನ್ನಿಗೆ ಚೀಲ ಬೀಳುತ್ತದೆ. ಕಾಲುವೆಯ ಕೊನೆಯ ಭಾಗಕ್ಕೆ ನೀರು ಬಾರದ ವರ್ಷ ಗಿರಣಿಯ ಹಂಗಾಮು ಬೇಗ ಮುಗಿದು, ದಿನಗೂಲಿಯವನ ಮನೆಯ ಒಲೆ ಅದಕ್ಕಿಂತ ಬೇಗ ಆರುತ್ತದೆ. ಅಂಗಡಿಕಾರನ ಉದ್ರಿ ಖಾತೆ ಸುಗ್ಗಿಗೆ ತೀರುವಂಥದು. ಪಾಮನಕಲ್ಲೂರಿನ ರೈತ ಸುಗ್ಗಿ ಮಾಡದೆ ಗುಳೆ ಹೋದರೆ ಮಸ್ಕಿಯ ಕಿರಾಣಿ ಅಂಗಡಿಯ ಖಾತೆ ಹಾಗೆಯೇ ಉಳಿಯುತ್ತದೆ, ಆ ಅಂಗಡಿಕಾರ ಸಿಂಧನೂರಿನ ಸಗಟು ವ್ಯಾಪಾರಿಗೆ ಬಾಕಿ ಬೀಳುತ್ತಾನೆ. ನೀರು ಹೊಲಕ್ಕೆ ಬಂದು ಅಲ್ಲಿಗೇ ನಿಲ್ಲುವುದಿಲ್ಲ. ಪೇಟೆಯ ಗಲ್ಲಾಪೆಟ್ಟಿಗೆಗೂ ಅದೇ ನೀರು ಬರಬೇಕು.

ಇನ್ನೊಂದು ಉದಾಹರಣೆ ಕಾರ್ಮಿಕರದೇ. 2023ರ ಫೆಬ್ರುವರಿಯಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ಅದಾಗಿ ಮೂರೇ ತಿಂಗಳಿಗೆ, ಮೇ 10ರಂದು, ವಿಧಾನಸಭಾ ಚುನಾವಣೆ. ಎಂಟು ಗಂಟೆಯ ದುಡಿಮೆಗಾಗಿ ಕಾರ್ಮಿಕ ವರ್ಗ ನೂರು ವರ್ಷಕ್ಕೂ ಹಿಂದಿನಿಂದ ರಕ್ತ ಸುರಿಸಿದೆ. ನಮ್ಮ ಜಿಲ್ಲೆಯ ಎಷ್ಟು ಗಿರಣಿಗಳ ಗೇಟಿನಲ್ಲಿ ಉಮೇದುವಾರರನ್ನು ನಿಲ್ಲಿಸಿ, ಈ ಕಾಯಿದೆಯನ್ನು ನೀವು ರದ್ದು ಮಾಡಿಸುತ್ತೀರೋ ಇಲ್ಲವೋ ಎಂದು ಕೇಳಲಾಯಿತು? ಕೇಳದ ಪ್ರಶ್ನೆಗೆ ಪಕ್ಷಗಳು ತಾವಾಗಿ ಉತ್ತರ ಕೊಡುವ ಪದ್ಧತಿ ಎಲ್ಲಿಯೂ ಇಲ್ಲ.

ಚುನಾವಣೆಯ ಪದ್ಧತಿಯನ್ನು ನಾವು ಯಾರಿಂದ ತೆಗೆದುಕೊಂಡೆವೋ ಆ ಬ್ರಿಟನ್ನಿನ ಜನರಿಗೂ ಇದೇ ಅನುಭವವಾಗಿದೆ. 2010ರ ಚುನಾವಣೆಗೆ ಮುಂಚೆ ಅಲ್ಲಿನ ಲಿಬರಲ್ ಡೆಮಾಕ್ರಟ್ ಪಕ್ಷದ ಉಮೇದುವಾರರು ವಿಶ್ವವಿದ್ಯಾಲಯದ ಶುಲ್ಕ ಏರಿಸುವುದಕ್ಕೆ ವಿರುದ್ಧವಾಗಿ ಓಟು ಹಾಕುತ್ತೇವೆಂದು ವಿದ್ಯಾರ್ಥಿಗಳ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದ್ದರು. 57 ಸ್ಥಾನ ಗೆದ್ದು ಕನ್ಸರ್ವೇಟಿವರ ಜೊತೆ ಸರಕಾರ ಸೇರಿದರು. ಅದೇ ಡಿಸೆಂಬರಿನಲ್ಲಿ ಶುಲ್ಕದ ಮಿತಿ ವರ್ಷಕ್ಕೆ 9,000 ಪೌಂಡಿಗೆ ಏರಿತು, ಆ ಪಕ್ಷದ ಮಂತ್ರಿಗಳೇ ಅದರ ಪರ ಓಟು ಹಾಕಿದರು. ಜನ ಮರೆಯಲಿಲ್ಲ. 2015ರಲ್ಲಿ ಆ ಪಕ್ಷಕ್ಕೆ ಉಳಿದದ್ದು 8 ಸ್ಥಾನ. ಶಿಕ್ಷೆಯೇನೋ ಆಯಿತು, ಆದರೆ ಶುಲ್ಕ ಇಳಿಯಲಿಲ್ಲ. ಮಾತಿಗೆ ತಪ್ಪಿದವನನ್ನು ಸೋಲಿಸುವುದು ಬೇರೆ, ಆ ಮಾತನ್ನು ನಡೆಸಿಕೊಳ್ಳುವುದು ಬೇರೆ. ಮಸ್ಕಿಯಂತೆಯೇ ಅಲ್ಲಿಯೂ ಮೊದಲನೆಯದು ಆಗಿ ಎರಡನೆಯದು ಉಳಿಯಿತು.

ಅದೇ ದೇಶದಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 1942ರ ಡಿಸೆಂಬರಿನಲ್ಲಿ, ಯುದ್ಧದ ನಡುವೆ, ಬೆವರಿಜ್ ವರದಿ ಹೊರಬಂತು. ರೋಗ, ನಿರುದ್ಯೋಗ, ಮುಪ್ಪು ಇವುಗಳಿಂದ ದುಡಿಯುವವನನ್ನು ಸರಕಾರ ಹೇಗೆ ಕಾಪಾಡಬೇಕೆಂಬ ಲೆಕ್ಕ ಅದರಲ್ಲಿತ್ತು. ಸಾಮಾನ್ಯ ಜನ ಸಾಲುಗಟ್ಟಿ ನಿಂತು ಆ ಸರಕಾರಿ ವರದಿಯನ್ನು ಕೊಂಡು ಓದಿದರು. ಎರಡೂವರೆ ವರ್ಷ ಆ ಚರ್ಚೆ ನಡೆದ ಮೇಲೆ 1945ರ ಜುಲೈಯಲ್ಲಿ ಚುನಾವಣೆ ಬಂತು. ಯುದ್ಧ ಗೆದ್ದುಕೊಟ್ಟ ಚರ್ಚಿಲ್ಲರಿಗೆ ಕೈಮುಗಿದ ಜನ ಓಟನ್ನು ಮಾತ್ರ ಆಟ್ಲಿಯವರ ಲೇಬರ್ ಪಕ್ಷಕ್ಕೆ ಹಾಕಿ 393 ಸ್ಥಾನ ಕೊಟ್ಟರು. 1948ರ ಜುಲೈ 5ರಂದು ಎಲ್ಲರಿಗೂ ಉಚಿತ ವೈದ್ಯ ನೆರವಿನ ವ್ಯವಸ್ಥೆ ಜಾರಿಗೆ ಬಂತು. ಅಲ್ಲಿ ಬೇಡಿಕೆಯ ಪಟ್ಟಿ ಮೊದಲು ಸಿದ್ಧವಾಗಿತ್ತು, ಓಟು ಆಮೇಲೆ ಬಂತು. ಆದ್ದರಿಂದ ಓಟಿಗೆ ಕೈಕಾಲು ಇದ್ದವು.

ಅಷ್ಟು ದೂರವೇಕೆ, ನಮ್ಮ ರಾಜ್ಯದಲ್ಲಿಯೇ 2023ರಲ್ಲಿ ನಡೆದುದನ್ನು ನೋಡಿರಿ. ಕಾಂಗ್ರೆಸ್ ಪಕ್ಷ ಐದು ಗ್ಯಾರಂಟಿಗಳ ಚೀಟಿಯನ್ನು ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರರ ಸಹಿಯೊಂದಿಗೆ ಮನೆ ಮನೆಗೆ ಹಂಚಿತು. 200 ಯೂನಿಟ್ ವಿದ್ಯುತ್ತು, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, ತಲೆಗೆ 10 ಕಿಲೋ ಅಕ್ಕಿ. ಇವುಗಳ ಗುಣದೋಷ ಬೇರೆ ಚರ್ಚೆ. ನಾವು ಗಮನಿಸಬೇಕಾದದ್ದು ಅದರಲ್ಲಿ ಅಂಕಿಗಳಿದ್ದವೆಂಬುದನ್ನು. ಅಕ್ಕಿ ಸಾಕಷ್ಟು ಸಿಗಲಿಲ್ಲವೆಂದು ಸರಕಾರ 2023ರ ಜುಲೈಯಿಂದ 5 ಕಿಲೋಗೆ ಬದಲಾಗಿ ತಲೆಗೆ 170 ರೂಪಾಯಿ ಕೊಡತೊಡಗಿದಾಗ, ಓದು ಬಾರದ ಮುದುಕಿಯೂ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತು ‘ಹತ್ತು ಅಂದಿದ್ರಿ, ಐದು ಎಲ್ಲಿ?’ ಎಂದು ಕೇಳಬಹುದಾಗಿತ್ತು. 2025ರಲ್ಲಿ ಹಣದ ಬದಲು ಅಕ್ಕಿಯನ್ನೇ ಕೊಡುವ ತೀರ್ಮಾನವಾಯಿತು. ಅಂಕಿ ಇದ್ದ ಮಾತನ್ನು ತೂಗಿ ನೋಡಬಹುದು. ‘ಈ ಭಾಗವನ್ನು ಹಸಿರು ಮಾಡುತ್ತೇನೆ’ ಎಂಬ ಮಾತಿಗೆ ಯಾವ ತಕ್ಕಡಿಯೂ ಇಲ್ಲ. ಅಕ್ಕಿಗೆ ಚೀಟಿ ಬಂತು, ಕಾಲುವೆಗೆ ಚೀಟಿ ಬರಲಿಲ್ಲ. ಬೇಡಿಕೆಯನ್ನು ಚೀಟಿಯ ರೂಪಕ್ಕೆ ತರುವುದು ಪಕ್ಷದ ಕೆಲಸವೆಂದು ನಾವು ಬಿಟ್ಟುಕೊಟ್ಟಿದ್ದೇ ಇದಕ್ಕೆ ಕಾರಣ.

ನಮ್ಮ ಮಾತಿಗೆ ಎರಡು ಆಕ್ಷೇಪಣೆಗಳಿವೆ. ಎರಡೂ ತೂಕದವು. ನೀರಿನ ಹಂಚಿಕೆ, ಕಾಲುವೆಯ ಎತ್ತರ, ಕೊಳವೆಯ ಲೆಕ್ಕ ಇವು ಎಂಜಿನಿಯರರ ವಿಷಯ, ಚಹಾದಂಗಡಿಯಲ್ಲಿ ತೀರ್ಮಾನವಾಗುವಂಥದಲ್ಲ ಎಂಬುದು ಒಂದು. ಒಪ್ಪುತ್ತೇವೆ. ಕೃಷ್ಣೆಯ ನೀರು ಒಂದು ರಾಜ್ಯದ್ದಲ್ಲ. ಎರಡನೆಯ ಕೃಷ್ಣಾ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟರೆ, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ಗೆಜೆಟ್ಟಿನಲ್ಲಿ ಪ್ರಕಟಿಸದಂತೆ ತಡೆಯಿತು. ಹನಿ ನೀರಾವರಿಯಿಂದ ಕಡಿಮೆ ನೀರಿನಲ್ಲಿ ಹೆಚ್ಚು ಹೊಲ ತೋಯುತ್ತದೆ ಎಂಬ ವಾದದಲ್ಲಿಯೂ ಹುರುಳಿದೆ. ಹರಿಯುವ ನೀರಿನಿಂದ ಹಳ್ಳ ತುಂಬಿ, ಬಾವಿಗೆ ಸೆಲೆ ಬಂದು, ದನಕರು ಕುಡಿಯುತ್ತವೆ, ಕೊಳವೆ ಕೆಟ್ಟರೆ ರಿಪೇರಿಗೆ ಯಾರ ಕಾಲು ಹಿಡಿಯಬೇಕು ಎಂಬ ರೈತನ ವಾದದಲ್ಲಿ ಅದಕ್ಕಿಂತ ಕಡಿಮೆ ಹುರುಳಿಲ್ಲ. ಹೀಗಿರುವುದರಿಂದಲೇ ಎರಡೂ ಲೆಕ್ಕಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಊರ ಮುಂದೆ ಇಡಿರೆಂದು ಕೇಳಬೇಕು. ಆಗುವುದಿಲ್ಲವೆಂದು ಹೇಳುವ ಎಂಜಿನಿಯರನೂ ಜನರ ಮುಂದೆ ಬಂದು ಕಾರಣ ಹೇಳಲಿ. ಆಗುತ್ತದೆಂದು ಹೇಳುವ ಉಮೇದುವಾರನೂ ನೀರು ಯಾವ ಪಾಲಿನಿಂದ ಬರುತ್ತದೆಂದು ತೋರಿಸಲಿ. ತೋರಿಸದೆ ‘ಓಟು ಹಾಕಿರಿ, ಆಮೇಲೆ ನೋಡೋಣ’ ಎನ್ನುವವನು ಎಂಜಿನಿಯರನಿಗಿಂತ ಹೆಚ್ಚು ಅಪಾಯಕಾರಿ.

ಇನ್ನೊಂದು ಆಕ್ಷೇಪಣೆ ಬಹಿಷ್ಕಾರದ ಪಕ್ಷದವರದು. ಓಟು ಹಾಕಿ ಏನು ಬಂತು, ಹಾಕದಿರುವುದೇ ಮೇಲು ಎನ್ನುತ್ತಾರೆ. ಪಾಮನಕಲ್ಲೂರು ಸುತ್ತಿನ ಊರುಗಳು 2020ರಲ್ಲಿ ಮಾಡಿದ ಬಹಿಷ್ಕಾರಕ್ಕೆ ನಾವು ಗೌರವ ಕೊಡುತ್ತೇವೆ. ಪಂಚಾಯಿತಿಯ ಸದಸ್ಯತ್ವಕ್ಕಾಗಿ ಅಣ್ಣ ತಮ್ಮಂದಿರೇ ಬಡಿದಾಡುವ ಕಾಲದಲ್ಲಿ ಇಡೀ ಊರು ಒಟ್ಟಾಗಿ ಬೇಡವೆಂದದ್ದು ಸಣ್ಣ ಮಾತಲ್ಲ. ಆದರೆ ಬಹಿಷ್ಕಾರ ಕೂಗು ಹಾಕಿದಂತೆ. ಮಲಗಿದವನನ್ನು ಎಬ್ಬಿಸುತ್ತದೆ, ಎದ್ದವನಿಂದ ಕೆಲಸ ಮಾಡಿಸುವುದಿಲ್ಲ. ಪಂಚಾಯಿತಿ ಖಾಲಿ ಬಿದ್ದರೆ ಉದ್ಯೋಗ ಖಾತರಿಯ ಕೂಲಿಗೂ ನಳದ ನೀರಿಗೂ ಅಧಿಕಾರಿಯ ಬಾಗಿಲು ಕಾಯಬೇಕಾಗುತ್ತದೆ. ಬೆಂಗಳೂರಿನಲ್ಲಿ ಕುಳಿತ ಪಕ್ಷಕ್ಕೆ ಅದರಿಂದ ಒಂದು ಗಾಯವೂ ಆಗುವುದಿಲ್ಲ. ಧರಣಿ ಕೂತ ಒಗ್ಗಟ್ಟನ್ನೇ ಓಟಿನ ದಿನಕ್ಕೂ, ಅದರ ಮರುದಿನಕ್ಕೂ ಉಳಿಸಿಕೊಳ್ಳುವುದು ಹೆಚ್ಚು ಕಷ್ಟದ ಕೆಲಸ, ಹೆಚ್ಚು ಫಲದ ಕೆಲಸವೂ ಹೌದು.

ಹಾಗಾದರೆ ಮಾಡಬೇಕಾದದ್ದೇನು? ಪಕ್ಷಗಳು ಉಮೇದುವಾರರ ಹೆಸರು ಜಾಹೀರು ಮಾಡುವ ಮೊದಲೇ ಊರಿನವರು ಸೇರಿ ತಮ್ಮ ಬೇಡಿಕೆಯ ಠರಾವು ಮಾಡಬೇಕು. ಅದರಲ್ಲಿ ಹತ್ತು ವಿಷಯ ಬೇಡ, ಎರಡು ಮೂರು ಸಾಕು. ಕಾಲುವೆಯಾದರೆ ಕಾಲುವೆಯ ಹೆಸರು, ಊರುಗಳ ಹೆಸರು, ಕೆಲಸ ಆರಂಭದ ವರ್ಷ, ಬಜೆಟ್ಟಿನಲ್ಲಿ ಹಣ ಇಡುವ ವರ್ಷ. ಗಿರಣಿಯಾದರೆ ದುಡಿಮೆಯ ಗಂಟೆ, ಕನಿಷ್ಠ ಕೂಲಿ, ಹಮಾಲರ ವಿಮೆ. ಪೇಟೆಯಾದರೆ ಸಣ್ಣ ಅಂಗಡಿಗೆ ಬ್ಯಾಂಕಿನ ಸಾಲ, ಸಂತೆಯ ಕಟ್ಟೆ, ಬೀದಿ ವ್ಯಾಪಾರಿಗೆ ಜಾಗ. ಎಲ್ಲ ಪಕ್ಷಗಳ ಉಮೇದುವಾರರನ್ನು ಒಂದೇ ವೇದಿಕೆಗೆ ಕರೆಯಬೇಕು. ಬಾರದವನ ಕುರ್ಚಿಯನ್ನು ಖಾಲಿಯಾಗಿಯೇ ಇಡಬೇಕು, ಜನ ನೋಡಲಿ. ಬಂದವನಿಂದ ಹೌದು ಅಥವಾ ಇಲ್ಲ ಎಂಬ ಉತ್ತರ ಪಡೆದು, ಬರೆದು, ಓದಿ ಹೇಳಿ, ಸಹಿ ಹಾಕಿಸಬೇಕು. ಇಲ್ಲ ಎಂದು ಧೈರ್ಯವಾಗಿ ಹೇಳಿದವನನ್ನೂ ಗೌರವಿಸೋಣ. ಮಧ್ಯದಲ್ಲಿ ಪಕ್ಷ ಬಿಡುವುದಾದರೆ ಊರಿಗೆ ಬಂದು ಕಾರಣ ಹೇಳಿ ಹೋಗುತ್ತೇನೆಂಬ ಮಾತನ್ನೂ ಅದರಲ್ಲಿ ಸೇರಿಸಬೇಕು.

ವ್ಯಾಪಾರಿ ಮಿತ್ರರಿಗೆ ಒಂದು ಮಾತು. ಎರಡೂ ಕಡೆಗೆ ಗುಟ್ಟಾಗಿ ಚಂದಾ ಕೊಟ್ಟು, ಯಾರು ಬಂದರೂ ನಮಗೆ ತೊಂದರೆಯಿಲ್ಲವೆಂದು ಕುಳಿತರೆ ಯಾರು ಬಂದರೂ ನಿಮ್ಮ ಕೆಲಸವಾಗುವುದಿಲ್ಲ. ಅದೇ ಹಣದಲ್ಲಿ ಒಂದು ಸಭೆಗೆ ಪೆಂಡಾಲು ಹಾಕಿಸಿರಿ. ಕಾರ್ಮಿಕ ಬಂಧುಗಳಿಗೆ ಇನ್ನೊಂದು ಮಾತು. ಒಂದು ದಿನದ ಮೆರವಣಿಗೆಗೆ ಐನೂರು ರೂಪಾಯಿ, ಬಿರಿಯಾನಿ ಸಿಗಬಹುದು. ಹಾಗೆ ಹೊತ್ತ ಬಾವುಟದ ಪಕ್ಷವೇ ನಿಮ್ಮ ಗಂಟೆಗಳನ್ನು ಎಂಟರಿಂದ ಹನ್ನೆರಡಕ್ಕೆ ಏರಿಸಿದರೆ ಐನೂರರ ಲೆಕ್ಕ ಎಷ್ಟು ದಿನಕ್ಕೆ ಮುಗಿಯುತ್ತದೆಂದು ಮನೆಯಲ್ಲಿ ಕೂತು ಎಣಿಸಿರಿ.

ಎಣಿಕೆ ಮುಗಿದ ದಿನ ಸಮಿತಿ ಮುಗಿಯಬಾರದು. ಪ್ರತಿ ವರ್ಷ ಬಜೆಟ್ಟು ಮಂಡನೆಯಾದ ವಾರ ಅದೇ ಊರಲ್ಲಿ ಅದೇ ಸಭೆ ಕರೆದು, ಬರೆದುಕೊಂಡದ್ದನ್ನು ಓದಿ, ಬಂದದ್ದೆಷ್ಟು, ಬಾರದ್ದೆಷ್ಟು ಎಂದು ಕೇಳಬೇಕು. 1951ರ ಕಾಗೋಡಿನಲ್ಲಿ ಗೇಣಿದಾರರು ಕೇಳಿದ್ದು ಅಂಥದೇ ಅಳತೆಯ ಪ್ರಶ್ನೆ, ಗೇಣಿ ಅಳೆಯುವ ಕೊಳಗ ಎಷ್ಟು ಸೇರಿನದಿರಬೇಕೆಂದು. ಆ ಸತ್ಯಾಗ್ರಹದ ಬೆನ್ನಿಗೇ 1952ರಲ್ಲಿ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಬಂದರು. ಉಳುವವನಿಗೆ ನೆಲ ಕೊಟ್ಟ ಕಾಯಿದೆಯ ತಿದ್ದುಪಡಿ ಜಾರಿಯಾದದ್ದು 1974ರಲ್ಲಿ, ದೇವರಾಜ ಅರಸರ ಕಾಲದಲ್ಲಿ. ಅಷ್ಟರಲ್ಲಿ ಎಷ್ಟೋ ಚುನಾವಣೆಗಳು ಆಗಿಹೋಗಿದ್ದವು, ಗೋಪಾಲಗೌಡರೂ 1972ರಲ್ಲೇ ತೀರಿಕೊಂಡಿದ್ದರು. ಗೆದ್ದವರು ಬದಲಾದರು, ಪಕ್ಷಗಳು ಒಡೆದವು, ಬೇಡಿಕೆ ಮಾತ್ರ ಜನರ ಕೈಯಲ್ಲಿ ಉಳಿದಿತ್ತು. ಪಾಮನಕಲ್ಲೂರಿನ ಕಾಲುವೆಯೂ ಯಾವ ಶಾಸಕನ ಆಸ್ತಿಯೂ ಆಗದೆ ಹಾಗೆಯೇ ಉಳಿಯಲಿ. ಮುಂದಿನ ಸಲ ಓಟು ಕೇಳಲು ಬಂದವರು ಹಾರ ಹಾಕಿಸಿಕೊಳ್ಳುವ ಮೊದಲು ಆ ಕಾಲುವೆಯ ಹೆಸರು ಹೇಳಿ, ವರ್ಷ ಹೇಳಿ, ಹಣದ ಲೆಕ್ಕ ಹೇಳಲಿ. ಅಲ್ಲಿಯವರೆಗೆ ಹಾರವನ್ನು ಬುಟ್ಟಿಯಲ್ಲೇ ಇಡಿರಿ.